ಮೂರು ಪ್ರತಿ, ಒಂದೇ ಹೆಸರು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವಾಗ ಭದ್ರಾ ನಾಲೆಯ ನೀರುಂಡ ಗದ್ದೆಗಳಲ್ಲಿ ಗೋವಕ್ಕಿಗಳು ಕಾಣುತ್ತವೆ. ಮಳೆ ಹಿಡಿಯುವ ಹೊತ್ತಿಗೆ ಅವುಗಳ ತಲೆ, ಕತ್ತಿಗೆ ಹೊಂಬಣ್ಣ ಏರಿರುತ್ತದೆ. ಹಳೆಯ ಪಕ್ಷಿಪುಸ್ತಕದಲ್ಲಿ ಇದು ಬುಬುಲ್ಕಸ್ ಐಬಿಸ್. ಈಚಿನ ಪಟ್ಟಿಯಲ್ಲಿ ಆರ್ಡಿಯಾ ಕೊರೊಮಾಂಡಾ. ಹಕ್ಕಿ ಮಾತ್ರ ಎಮ್ಮೆಯ ಹಿಂದೆಯೇ ಮಿಡತೆ ಹಿಡಿಯುತ್ತಿದೆ. ಹಳೆಯ ಟಿಪ್ಪಣಿ ಓದುವಾಗ ಅದು ಯಾವ ಕಾಲದ ಪಟ್ಟಿಯನ್ನು ನೆಚ್ಚಿದ್ದೆಂದು ಮೊದಲು ನೋಡಬೇಕು. ಭದ್ರಾವತಿಯ ಪೇಪರ್ ಟೌನಿನ ಗೆಳೆಯರೊಬ್ಬರ ಹಾರ್ಡ್‌ಡಿಸ್ಕಿನಲ್ಲಿ ಆರ್ಕೇಡ್ ಗೇಮುಗಳನ್ನು ಗುರುತಿಸಲು ಕೂತಾಗ ಕೈಹಿಡಿದದ್ದು ಇದೇ ಅಭ್ಯಾಸ.

ಮೊದಲು ತೆರೆದದ್ದು ‘ಡೈನೋ’ ಎಂಬ ಜಿಪ್ ಫೈಲು. ಕ್ಯಾಪ್ಕಾಮ್‌ನ 1993ರ ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಪಾರ್ಲರಿನಲ್ಲಿ ನಾಣ್ಯ ಹಾಕಿ ಆಡಿದವರಿಗೆ ಅದು ‘ಮುಸ್ತಫಾ ಗೇಮ್’ ಅಂದರೇ ಗೊತ್ತು. ಮೂರು ಫೋಲ್ಡರುಗಳಲ್ಲಿ ಅದೇ ಹೆಸರಿನ ಮೂರು ಪ್ರತಿ, ಮೂರಕ್ಕೂ ಬೇರೆ ಬೇರೆ ಗಾತ್ರ.

1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಹೊರತಂದ ಮೇಮ್ ಎಂಬ ಎಮ್ಯುಲೇಟರು ಹಳೆಯ ಯಂತ್ರದ ನಡೆಯನ್ನು ಅನುಕರಿಸುತ್ತದೆ. ಗೇಮು ಇರುವುದು ಬೋರ್ಡಿನ ಚಿಪ್ಪುಗಳಿಂದ ಓದಿ ತೆಗೆದ ಫೈಲುಗಳಲ್ಲಿ. ಯಾವ ಚಿಪ್ಪಿಗೆ ಯಾವ ಫೈಲು ಎಂಬ ಪಟ್ಟಿ ಪ್ರತಿ ಆವೃತ್ತಿಯೊಳಗೂ ಇರುತ್ತದೆ. ಯಾರಾದರೂ ಚಿಪ್ಪನ್ನು ಇನ್ನಷ್ಟು ಸರಿಯಾಗಿ ಓದಿಕೊಟ್ಟರೆ ಪಟ್ಟಿಯನ್ನು ತಿದ್ದುತ್ತಾರೆ. ಹಳೆಯ ಫೋನುಗಳ ಕೆಲವು ಎಮ್ಯುಲೇಟರುಗಳು 2000ದ ‘0.37 ಬೀಟಾ 5’ರ ಪಟ್ಟಿಗೇ ನಿಂತಿವೆ, ಕೆಲವು 2010ರ 0.139ಕ್ಕೆ. ಹೊಸ ಪಟ್ಟಿಗಳಿಗೆ ಬೋರ್ಡಿನ ಪುಟ್ಟ ಲಾಜಿಕ್ ಚಿಪ್ಪುಗಳೂ ಸೇರಿಕೊಂಡಿವೆ. ಕ್ಯೂಸೌಂಡ್ ಧ್ವನಿಚಿಪ್ಪಿನ ಫೈಲಿಗೆ ಬೇರೆಯದೇ ಜಿಪ್ ಬೇಕು. ಹಾಗಾಗಿ ಒಂದು ಕಡೆ ಸಲೀಸಾಗಿ ಓಡುವ ಪ್ರತಿ ಇನ್ನೊಂದು ಕಡೆ ‘ಫೈಲು ಇಲ್ಲ’ ಎಂದು ನಿಂತುಬಿಡುತ್ತದೆ.

ಗುರುತು ಹಿಡಿಯಲು ಹೆಸರು ಸಾಲದು, ಸಿಆರ್‌ಸಿ ನೋಡಬೇಕು. ಜಿಪ್ಪಿನೊಳಗಿನ ಪ್ರತಿ ಫೈಲಿಗೂ ಎಂಟು ಅಕ್ಷರ-ಅಂಕಿಗಳ ಈ ಗುರುತು ಇರುತ್ತದೆ. ಫೈಲಿಗೆ ಬೇರೆ ಹೆಸರಿಟ್ಟರೂ ಅದು ಬದಲಾಗದು. ಒಳಗೆ ಒಂದೇ ಒಂದು ಬಿಟ್ ಕದಲಿದರೂ ಬದಲಾಗುತ್ತದೆ. ಸಾಲಿಗೆ ಸಾಲು ಪಟ್ಟಿಗಳ ಜೊತೆ ಹೋಲಿಸುತ್ತ ಹೋದೆ. ಕ್ಲರ್‌ಮೇಮ್‌ಪ್ರೊ ಎಂಬ ತಂತ್ರಾಂಶ ಈ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ, ಆದರೂ ಮೊದಲ ಸಲ ಕಣ್ಣಾರೆ ನೋಡುವುದು ಒಳ್ಳೆಯದು. ಎರಡು ಪ್ರತಿಗಳ ಕಾಲ ಹೀಗೆ ತಿಳಿಯಿತು.

ಜಪಾನಿನ ರೂಪ ‘ಡೈನೋಜೆ’ ತಾನೊಂದೇ ಓಡಲಿಲ್ಲ. ಅದರ ಜಿಪ್ಪಿನಲ್ಲಿದ್ದವು ವ್ಯತ್ಯಾಸದ ಫೈಲುಗಳಷ್ಟೇ, ಉಳಿದವು ಮೂಲ ಡೈನೋದಲ್ಲಿ. ಹಾಗೆಯೇ ಇನ್ನೊಂದು ಗೇಮು ‘ಕಿಂಗ್ ಆಫ್ ಫೈಟರ್ಸ್ 97’ಕ್ಕೆ, ಅದು ಓಡುವ ಯಂತ್ರದ ಫೈಲುಗಳಿರುವ ನಿಯೋಜಿಯೋ ಜಿಪ್ ಪಕ್ಕದಲ್ಲಿರಬೇಕು.

ಡೈನೋದ ಮೂರನೆಯ ಪ್ರತಿ ತಡೆದು ನಿಲ್ಲಿಸಿತು. ಅದರ ಒಂದು ಫೈಲಿನ ಸಿಆರ್‌ಸಿ ನನ್ನಲ್ಲಿರುವ ಯಾವ ಪಟ್ಟಿಯಲ್ಲೂ ಇಲ್ಲ. ನಕಲು ಮಾಡುವಾಗ ಕೆಟ್ಟಿರಬಹುದು. ಚಿಪ್ಪೇ ಮುಪ್ಪಾಗಿದ್ದಿರಲೂಬಹುದು: ಗಾಜಿನ ಕಿಟಕಿಯ ಈಪ್ರಾಮ್ ಚಿಪ್ಪಿನಲ್ಲಿ ನೆನಪು ಉಳಿಯುವುದು ಹಿಡಿದಿಟ್ಟ ವಿದ್ಯುದಾವೇಶದಲ್ಲಿ. ಅತಿನೇರಳೆ ಬೆಳಕು ಬಿದ್ದರೆ ಅದು ಅಳಿಯುತ್ತದೆ, ಅದಕ್ಕೇ ಕಿಟಕಿಯ ಮೇಲೆ ಸ್ಟಿಕ್ಕರ್. ಸ್ಟಿಕ್ಕರ್ ಇದ್ದರೂ ದಶಕಗಳಲ್ಲಿ ಆವೇಶ ಮೆಲ್ಲಗೆ ಸೋರುತ್ತದೆ, ಒಂದೊಂದೇ ಬಿಟ್ ತಿರುಗಿಕೊಳ್ಳುತ್ತದೆ. ಅಥವಾ ಯಾರೂ ದಾಖಲಿಸದ ರೂಪವೇ ಇದ್ದೀತು.

“ಕೆಟ್ಟಿದ್ದಲ್ವಾ, ಅಳಿಸಿಬಿಡೋಣ ಸಾರ್” ಅಂದರು ಗೆಳೆಯರು. ಬೇಡ ಅಂದೆ. ಬೇರೆ ಫೋಲ್ಡರಿಗೆ ಹಾಕಿ, ಸಿಆರ್‌ಸಿ, ಗಾತ್ರ, ಹೋಲಿಸಿದ ಆವೃತ್ತಿಗಳನ್ನು ಪಕ್ಕದಲ್ಲೇ ಬರೆದಿಟ್ಟಿದ್ದೇನೆ. ಮುಂದೆ 2003ರ 0.78ರ ಪಟ್ಟಿಯೊಂದಿಗೆ ಹೋಲಿಸಬೇಕು.