ಶೌಚದ ಗುಂಡಿ ತುಂಬಿದಾಗ ಯಾರನ್ನು ಕರೆಯಬೇಕು?

ಜೂನ್ ತಿಂಗಳಲ್ಲಿ ನಾಲ್ಕು ದಿನ ಒಂದೇ ಸಮನೆ ಮಳೆ ಹೊಯ್ದರೆ ಸಾಕು, ಕಾಸರಗೋಡು, ಮಂಜೇಶ್ವರ ಭಾಗದ ಮನೆಗಳಲ್ಲಿ ಈ ದೂರು ಕೇಳಿಬರುತ್ತದೆ. ಬಚ್ಚಲ ನೀರು ಇಳಿಯುವುದಿಲ್ಲ, ಕಕ್ಕಸಿಗೆ ಹೊಯ್ದ ನೀರು ಅಲ್ಲೇ ನಿಲ್ಲುತ್ತದೆ, ಅಂಗಳದಲ್ಲಿ ಗಬ್ಬು ವಾಸನೆ. ಮನೆಗೆ ನೆಂಟರು ಬರುವ ದಿನವೇ ಹೀಗಾಗುವುದೂ ಉಂಟು. ಆಗ ಕರೆಂಟು ಕಂಬಕ್ಕೆ ಅಂಟಿಸಿದ ಚೀಟಿಯ ಮೊಬೈಲ್ ನಂಬರಿಗೆ ಫೋನ್ ಹೋಗುತ್ತದೆ. ರಾತ್ರಿ ಟ್ಯಾಂಕರ್ ಬರುತ್ತದೆ, ಕೇಳಿದಷ್ಟು ಹಣ ಪಡೆದು ಹೋಗುತ್ತದೆ. ತೆಗೆದದ್ದನ್ನು ಎಲ್ಲಿ ಸುರಿದರು ಎಂದು ವಿಚಾರಿಸುವವರು ಕಡಿಮೆ.

2016ರಲ್ಲಿ ಕೇರಳದ ಗ್ರಾಮೀಣ ಭಾಗವನ್ನು ಬಯಲು ಶೌಚಮುಕ್ತ ಎಂದು ಘೋಷಿಸಲಾಯಿತು. ಮನೆಮನೆಗೆ ಶೌಚಾಲಯ ಬಂತು, ಒಳ್ಳೆಯದೇ. ಆದರೆ ನಮ್ಮ ಹಳ್ಳಿಗಳಲ್ಲಿ ಒಳಚರಂಡಿ ಜಾಲ ಇಲ್ಲ. ಪ್ರತಿ ಮನೆಯ ಮಲಿನವೂ ಆ ಮನೆಯ ಹಿತ್ತಿಲಲ್ಲೇ, ಹೆಚ್ಚಿನ ಕಡೆ ಬಾವಿಯಿಂದ ಕೂಗಳತೆಯೊಳಗೆ ಇರುತ್ತದೆ. ಹಾಗಾಗಿ ಗುಂಡಿ ಖಾಲಿ ಮಾಡಲು ಬರುವವರು ಎಂಥವರು ಎಂಬುದು ಕುಡಿಯುವ ನೀರಿಗೆ ಸಂಬಂಧಪಟ್ಟ ವಿಷಯವೂ ಆಗುತ್ತದೆ.

ಯಾರನ್ನಾದರೂ ಕರೆಯುವ ಮೊದಲು ತೊಂದರೆ ಎಲ್ಲಿದೆ ಎಂದು ಸ್ವತಃ ನೋಡಿಕೊಳ್ಳಬೇಕು. ಅಡುಗೆಮನೆಯ ತೊಟ್ಟಿಯ ನೀರು ಮಾತ್ರ ನಿಂತಿದ್ದರೆ ಅದು ಅಲ್ಲಿಯ ಬಾಗಿದ ಪೈಪಿನಲ್ಲಿ ಕಟ್ಟಿದ ಎಣ್ಣೆಜಿಡ್ಡು. ತೆಂಗಿನೆಣ್ಣೆ ಬಳಸುವ ನಮ್ಮ ಮನೆಗಳಲ್ಲಿ ಇದು ಸಾಮಾನ್ಯ, ತಂಪು ಹೊತ್ತಿನಲ್ಲಿ ಆ ಎಣ್ಣೆ ಗಟ್ಟಿಯಾಗಿ ಪೈಪಿಗೆ ಮೆತ್ತಿಕೊಳ್ಳುತ್ತದೆ. ಸ್ನಾನದ ಕೋಣೆಯದು ಮಾತ್ರ ನಿಂತರೆ ಕೂದಲು. ಇವಕ್ಕೆ ಊರಿನ ಪ್ಲಂಬರ್ ಸಾಕು. ಮನೆಯ ಎಲ್ಲ ಕಡೆಯ ನೀರೂ ನಿಧಾನವಾಗಿದ್ದರೆ, ಒಂದು ಕಡೆ ನೀರು ಹೊಯ್ದಾಗ ಇನ್ನೊಂದು ಕಡೆ ಗುಳುಗುಳು ಸದ್ದು ಬಂದರೆ, ಮುಖ್ಯ ಪೈಪೋ ಟ್ಯಾಂಕೋ ಕಟ್ಟಿದೆ ಎಂದರ್ಥ. ಅಂಗಳದ ತಪಾಸಣೆ ಗುಂಡಿಯ ಮುಚ್ಚಳ ಸರಿಸಿ ನೋಡಿ. ಅದು ಒಣಗಿದ್ದರೆ ತಡೆ ಮನೆಯ ಕಡೆಗೆ, ತುಂಬಿ ನಿಂತಿದ್ದರೆ ಟ್ಯಾಂಕಿನ ಕಡೆಗೆ. ಇಷ್ಟು ತಿಳಿದಿದ್ದರೆ ಪ್ಲಂಬರ್ ಮಾಡುವ ಕೆಲಸಕ್ಕೆ ಟ್ಯಾಂಕರ್ ತರಿಸಿ ಹಣ ಕಳೆದುಕೊಳ್ಳುವುದು ತಪ್ಪುತ್ತದೆ.

ಅಂಗಡಿಯಲ್ಲಿ ಸಿಗುವ ಕಾಸ್ಟಿಕ್ ಪುಡಿ, ಆಸಿಡ್ ಸುರಿಯುವುದು ಹಲವರ ಮೊದಲ ಉಪಾಯ. ಅದು ಟ್ಯಾಂಕಿನೊಳಗೆ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಏನನ್ನಾದರೂ ಸುರಿದಿದ್ದರೆ ಕೆಲಸದವರಿಗೆ ಮೊದಲೇ ಹೇಳಿಬಿಡಿ, ಪೈಪಿಗೆ ಕೈ ಹಾಕುವವರು ಅವರು.

ಮಳೆಗಾಲದ ಬಗ್ಗೆ ಒಂದು ಮಾತು. ಆಟಿ ತಿಂಗಳಲ್ಲಿ ಮುರಕಲ್ಲಿನ ನೆಲ ನೀರು ಕುಡಿದು ತುಂಬಿರುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕದ ಇಂಗುಗುಂಡಿಯನ್ನು ಆಗ ಖಾಲಿ ಮಾಡಿಸಿದರೆ ಎರಡೇ ದಿನದಲ್ಲಿ ಅಂತರ್ಜಲ ಒಳಗೆ ಬಂದು ಪುನಃ ತುಂಬುತ್ತದೆ. ಟ್ಯಾಂಕರಿನವರು ಇದನ್ನು ಹೇಳುವುದಿಲ್ಲ, ಹೇಳಿದರೆ ಅವರ ಬಾಡಿಗೆ ಹೋಗುತ್ತದಲ್ಲ! ಫೈಬರ್ ಅಥವಾ ಪ್ಲಾಸ್ಟಿಕ್ ಟ್ಯಾಂಕಾದರೆ ಇನ್ನೂ ಕಷ್ಟ, ಖಾಲಿ ಟ್ಯಾಂಕನ್ನು ಸುತ್ತಲಿನ ನೀರು ಮೇಲಕ್ಕೆ ಎತ್ತಿ ಪೈಪು ಮುರಿಯಬಹುದು. ತೀರಾ ಅನಿವಾರ್ಯ ಅಲ್ಲದಿದ್ದರೆ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸಮಯ ಉತ್ತಮ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಎಂಬುದು ಸಾಮಾನ್ಯ ಶಿಫಾರಸು. ನಮ್ಮಲ್ಲಿ ಹದಿನೈದು ವರ್ಷವಾದರೂ ಮುಚ್ಚಳ ತೆಗೆಯದ ಮನೆಗಳಿವೆ, ಅದನ್ನೊಂದು ಹೆಮ್ಮೆಯಂತೆ ಹೇಳುವವರೂ ಇದ್ದಾರೆ. ಟ್ಯಾಂಕು ತುಂಬಲಿಲ್ಲ ಎಂದರೆ ಅದರಲ್ಲಿದ್ದದ್ದು ಎಲ್ಲೋ ಸೋರಿಹೋಗುತ್ತಿದೆ ಎಂದೇ ಅರ್ಥ. ಬಾವಿಯಿಂದ ಸೆಪ್ಟಿಕ್ ಟ್ಯಾಂಕಿಗೂ ಇಂಗುಗುಂಡಿಗೂ ಕನಿಷ್ಠ 7.5 ಮೀಟರ್ ಅಂತರ ಇರಬೇಕೆಂದು ಕೇರಳದ ಪಂಚಾಯತ್ ಕಟ್ಟಡ ನಿಯಮ ಹೇಳುತ್ತದೆ. ಹಳೆಯ ಮನೆಗಳಲ್ಲಿ ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯ. ಬರುವವರು ಯಂತ್ರದಿಂದ ಎಳೆಯುತ್ತಾರೋ, ಮನುಷ್ಯರನ್ನು ಒಳಗೆ ಇಳಿಸುತ್ತಾರೋ? ಫೋನಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. "ಅಡಿಯ ಕೆಸರು ಗಟ್ಟಿಯಾಗಿದೆ, ಒಬ್ಬ ಇಳಿದರೆ ಬೇಗ ಆಗುತ್ತದೆ" ಎಂದರೆ ಅವರನ್ನು ಅಲ್ಲಿಗೇ ಬಿಟ್ಟುಬಿಡಿ. ಗಟ್ಟಿಯಾದ ಕೆಸರಿಗೆ ನೀರು ಹಾಯಿಸಿ, ಕಲಕಿ, ಯಂತ್ರದಿಂದಲೇ ಎಳೆಯಲು ಬರುತ್ತದೆ. ಸಮಯ ಸ್ವಲ್ಪ ಹೆಚ್ಚು ಬೇಕು, ಅಷ್ಟೆ.

ಗುಂಡಿಯೊಳಗೆ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿನ ಶಕ್ತಿಯೇ ಹೋಗಿ ವಾಸನೆ ತಿಳಿಯುವುದಿಲ್ಲ, ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೆ ಮನುಷ್ಯ ಬಿದ್ದುಬಿಡುತ್ತಾನೆ. ಇದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕುಳಿತಿರುತ್ತದೆ. ಹಿಂದಿನ ದಿನವೇ ಮುಚ್ಚಳ ತೆಗೆದಿಟ್ಟರೆ ಸಾಕು ಎಂಬ ನಂಬಿಕೆ ತಪ್ಪು, ಕೆಸರು ಕಲಕಿದ ಕೂಡಲೇ ಅದರೊಳಗೆ ಸಿಕ್ಕಿಕೊಂಡ ಅನಿಲ ಹೊಸದಾಗಿ ಹೊರಬರುತ್ತದೆ. ಬಾವಿಗೆ ಇಳಿಸಿದಂತೆ ಉರಿಯುವ ದೀಪ ಇಳಿಸಿ ಪರೀಕ್ಷಿಸುವುದಂತೂ ಇಲ್ಲಿ ಸಲ್ಲದು. ದೀಪ ಉರಿದರೂ ವಿಷಾನಿಲ ಇರಬಹುದು, ಜೊತೆಗೆ ಮೀಥೇನ್ ಇದ್ದರೆ ಬೆಂಕಿ ಹತ್ತಿಕೊಳ್ಳುತ್ತದೆ. ಕೆಲಸ ನಡೆಯುವಾಗ ಹತ್ತಿರ ಬೀಡಿ ಸೇದುವವರನ್ನೂ ದೂರ ಕಳಿಸಿ.

2015ರ ನವೆಂಬರ್‌ನಲ್ಲಿ ಕೋಝಿಕ್ಕೋಡ್ ನಗರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಆಂಧ್ರದ ಇಬ್ಬರು ಕಾರ್ಮಿಕರು ಅಸ್ವಸ್ಥರಾದಾಗ ಅವರನ್ನು ಎತ್ತಲು ಹೋದ ಸ್ಥಳೀಯ ಆಟೋ ಚಾಲಕನೂ ಅವರೊಂದಿಗೆ ಪ್ರಾಣ ಬಿಟ್ಟ. ಇಂಥ ಘಟನೆಗಳಲ್ಲಿ ಮೊದಲು ಬಿದ್ದವನಷ್ಟೇ ಅಪಾಯ ಅವನನ್ನು ರಕ್ಷಿಸಲು ಹಾರುವವನಿಗೂ ಇದೆ. ಆ ದುರಂತದ ನಂತರ ತಿರುವನಂತಪುರದ ಯುವ ಎಂಜಿನಿಯರುಗಳು ಮ್ಯಾನ್‌ಹೋಲ್ ಸ್ವಚ್ಛಗೊಳಿಸುವ 'ಬ್ಯಾಂಡಿಕೂಟ್' ಎಂಬ ರೋಬೋಟ್ ತಯಾರಿಸಿದರು, 2018ರಲ್ಲಿ ಅದು ಬಳಕೆಗೆ ಬಂತು.

ಕಾನೂನು ಸ್ಪಷ್ಟವಾಗಿದೆ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಮಿನ ಪ್ರಕಾರ ರಕ್ಷಣಾ ಸಾಮಗ್ರಿ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. 'ಯಾವುದೇ ವ್ಯಕ್ತಿ' ಎಂದಿರುವುದರಿಂದ ಮನೆಯ ಯಜಮಾನನಿಗೂ ಇದು ಅನ್ವಯಿಸುತ್ತದೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸಜೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪರಾಧ ಜಾಮೀನುರಹಿತ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. "ನಾನು ಕಂತ್ರಾಟುದಾರನಿಗೆ ಕೊಟ್ಟಿದ್ದೆ, ಅವನು ಇಳಿಸಿದ" ಎಂಬ ಮಾತಿನ ಆಸರೆಯನ್ನು ನಾನಾದರೆ ನಂಬಲಾರೆ. ಈ ಕೆಲಸಕ್ಕೆ ಇಳಿಯುವವರು ಯಾವ ಜಾತಿಯವರು, ಎಷ್ಟು ಬಡವರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆ, ತೆಗೆದದ್ದನ್ನು ಎಲ್ಲಿಗೆ ಒಯ್ಯುತ್ತೀರಿ? ಉತ್ತರದಲ್ಲಿ ಒಂದು ಸಂಸ್ಕರಣಾ ಘಟಕದ ಹೆಸರು ಬರಬೇಕು. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಎಂಬುದು ಉತ್ತರವಲ್ಲ. ರಾತ್ರಿ ಹನ್ನೊಂದರ ಮೇಲೆ ಮಾತ್ರ ಬರುತ್ತೇವೆ ಎನ್ನುವವರ ಮೇಲೆ ಸಂಶಯಪಡಲು ಕಾರಣವಿದೆ. ತೋಡಿಗೋ ಹೊಳೆಗೋ ಸುರಿಯುವುದು 1974ರ ಜಲಮಾಲಿನ್ಯ ಕಾಯ್ದೆಯ 24ನೇ ಕಲಮಿನಂತೆ ಅಪರಾಧ. ಮೇಲಿನ ಗುಡ್ಡದಲ್ಲಿ ಸುರಿದದ್ದು ಕೆಳಗಿನ ಬೈಲಿನ ಬಾವಿಗೆ ಇಳಿಯಲು ಒಂದು ಮಳೆ ಸಾಕು. ಸಂಸ್ಕರಣೆ ಎಂದರೆ ಆಗದ ಹೋಗದ ಮಾತೇನಲ್ಲ. ಬೆಂಗಳೂರು ಸಮೀಪದ ದೇವನಹಳ್ಳಿಯಲ್ಲಿ 2015ರಲ್ಲೇ ಊರಿನ ಗುಂಡಿಗಳ ಮಲಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಆರಂಭವಾಗಿತ್ತು.

ಗಡಿಯ ಊರುಗಳಲ್ಲಿ ಇನ್ನೊಂದು ತೊಡಕಿದೆ. ಕೆಎಲ್ 14 ಬೋರ್ಡಿನ ಟ್ಯಾಂಕರಿಗಿಂತ ತಲಪಾಡಿ ದಾಟಿ ಬರುವ ಕೆಎ 19 ಟ್ಯಾಂಕರ್ ಕಡಿಮೆಗೆ ಸಿಕ್ಕಿತು ಎಂದು ಕರೆಸಿದರೆ, ನಾಳೆ ತಕರಾರು ಬಂದಾಗ ದೂರು ಯಾವ ರಾಜ್ಯದಲ್ಲಿ ಕೊಡುವುದು? ಯಾವ ಬೋರ್ಡಿನದಾದರೂ ಸರಿ, ಪರವಾನಗಿ ಯಾರು ಕೊಟ್ಟದ್ದು ಎಂದು ಕೇಳಿ, ವಾಹನದ ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕೂ ಮೊದಲು ಪಂಚಾಯತ್ ಕಚೇರಿಯಲ್ಲಿ, ಇಲ್ಲವೇ ವಾರ್ಡ್ ಸದಸ್ಯರಲ್ಲಿ ಒಪ್ಪಿಗೆ ಪಡೆದ ವಾಹನಗಳ ಬಗ್ಗೆ ವಿಚಾರಿಸುವುದು ಲೇಸು.

ದರದ ವಿಷಯದಲ್ಲಿ ಮೋಸ ಹೆಚ್ಚಾಗಿ 'ಲೋಡಿ'ನ ಲೆಕ್ಕದಲ್ಲಿ ಆಗುತ್ತದೆ. ಟ್ಯಾಂಕಿನ ಉದ್ದ, ಅಗಲ ಮತ್ತು ನೀರಿನ ಆಳವನ್ನು ಮೀಟರಿನಲ್ಲಿ ಗುಣಿಸಿ 1000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಟ್ಯಾಂಕಿನಲ್ಲಿ 3000 ಲೀಟರ್ ಮಾತ್ರ ಇರುತ್ತದೆ. 4000 ಲೀಟರಿನ ಟ್ಯಾಂಕರ್ ತಂದವರು ಎರಡು ಲೋಡ್ ಎಂದರೆ ಒಪ್ಪಬೇಡಿ. ಮನೆ ರಸ್ತೆಯಿಂದ ಎಷ್ಟು ದೂರ, ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ಫೋನಿನಲ್ಲೇ ಹೇಳಿ. ಎಳೆಯುವ ಪಂಪು ಏಳೆಂಟು ಮೀಟರಿಗಿಂತ ಆಳದಿಂದ ಎತ್ತಲು ಪರದಾಡುತ್ತದೆ. ಗುಡ್ಡದ ತಗ್ಗಿನ ಮನೆಗೆ ಬಂದ ಮೇಲೆ "ಪೈಪು ಸಾಲದು, ಇನ್ನಷ್ಟು ಕೊಡಿ" ಎಂಬ ಚೌಕಾಶಿ ಶುರುವಾಗುವುದು ಹೀಗೆಯೇ. ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಫಿನಾಯಿಲ್ ಹಾಕಿ ತೊಳೆಯುತ್ತೇವೆ ಎಂದು ಹೆಚ್ಚುವರಿ ಹಣ ಕೇಳಿದರೆ ಬೇಡವೆನ್ನಿ. ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ.

ರಶೀದಿ ಪಡೆಯದೆ ಹಣ ಕೊಡಬೇಡಿ. ದಿನಾಂಕ, ವಾಹನದ ನಂಬರ್, ಎಷ್ಟು ಲೀಟರ್, ಎಲ್ಲಿಗೆ ಒಯ್ದದ್ದು ಎಂಬಷ್ಟು ಅದರಲ್ಲಿರಲಿ. ಮಲಯಾಳದಲ್ಲಿ ಬರೆದು ಕೊಟ್ಟರೆ ಓದಲು ಬಲ್ಲವರಿಂದ ಓದಿಸಿ ಅನಂತರ ಸಹಿ ಹಾಕಿ. ತೋಡಿಗೆ ಸುರಿದದ್ದು ಕಂಡುಬಂದರೆ ಪಂಚಾಯತಿಗೆ ಕೊಡುವ ದೂರನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿಯ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ದೂರಿನ ಜೊತೆ ಆ ರಶೀದಿಯ ಪ್ರತಿಯನ್ನು ಲಗತ್ತಿಸಿ, ಮೂಲ ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ.