ಊರ ಮಗನೇ ಊರಿಗೆ ಉಪದೇಶಿ

(ವಿಶ್ವ ಮಿಷನ್ ಭಾನುವಾರದ ಚಿಂತನೆ)



ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಒಂದು ವಾರ ಮುಂಚೆ ಬರುವ ಭಾನುವಾರವನ್ನು ಧರ್ಮಸಭೆಯು ವಿಶ್ವ ಮಿಷನ್ ಭಾನುವಾರವಾಗಿ ಆಚರಿಸುತ್ತದೆ. ಜಗದ್ಗುರು ಹನ್ನೊಂದನೇ ಪಿಯುಸ್‌ರವರು 1926ರಲ್ಲಿ ಇದನ್ನು ಸ್ಥಾಪಿಸಿದರು. ಅಂದು ದೇವಾಲಯದಲ್ಲಿ ಎತ್ತುವ ವಿಶೇಷ ಕಾಣಿಕೆ ನಮ್ಮ ಧರ್ಮಕೇಂದ್ರದ ಪೆಟ್ಟಿಗೆಗೆ ಸೇರುವುದಿಲ್ಲ. “ಫಾದರ್, ಈ ಹಣ ಎಲ್ಲಿಗೆ ಹೋಗುತ್ತದೆ?” ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಹೆಚ್ಚಿನವರ ಊಹೆ ಎಂದರೆ ಎಲ್ಲೋ ದೂರದ ಬಡ ದೇಶದಲ್ಲಿ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧಿ, ಸೋರುವ ದೇವಾಲಯಕ್ಕೆ ಹೊಸ ಮಾಡು. ಇವೆಲ್ಲ ಇರಬಹುದು. ಆದರೆ ಈ ಕಾಣಿಕೆಯಿಂದ ನಡೆಯುವ, ಕಣ್ಣಿಗೆ ಕಾಣದ ಇನ್ನೊಂದು ದೊಡ್ಡ ಕೆಲಸವಿದೆ. ಆಯಾ ನಾಡಿನವರನ್ನೇ ಆಯಾ ನಾಡಿನ ಉಪದೇಶಿಗಳನ್ನಾಗಿ ತಯಾರು ಮಾಡುವುದು ಆ ಕೆಲಸ. ಗುರುಗಳಾಗಲು ಹೊರಟ ಯುವಕರ ತರಬೇತಿಗಾಗಿ ಸಂತ ಪೇತ್ರರ ಸಂಘವೆಂಬ ಸೋದರ ಸಂಸ್ಥೆಯೇ ಇದೆ. ಇದು ಏಕೆ ಮುಖ್ಯ ಎಂಬುದನ್ನು ಒಬ್ಬ ಹಳ್ಳಿಯ ಉಪದೇಶಿಯ ಬದುಕಿನ ಮೂಲಕ ನೋಡೋಣ.

ಆಸ್ಟ್ರೇಲಿಯಾದ ಉತ್ತರಕ್ಕೆ ಪಪುವಾ ನ್ಯೂಗಿನಿ ಎಂಬ ದೇಶವಿದೆ. ದಟ್ಟ ಕಾಡು, ಬೆಟ್ಟ, ಚದುರಿದ ದ್ವೀಪಗಳು. ಅಲ್ಲಿನ ಜನ ಆಡುವ ಭಾಷೆಗಳು ಎಂಟು ನೂರಕ್ಕೂ ಹೆಚ್ಚು. ಒಂದು ಕಣಿವೆಯ ಮಾತು ಪಕ್ಕದ ಕಣಿವೆಯವರಿಗೆ ತಿಳಿಯುವುದಿಲ್ಲ. ಇಂತಹ ಕಡೆ ಹೊರಗಿನಿಂದ ಬಂದ ಗುರುವೊಬ್ಬರು ಎಷ್ಟು ಭಾಷೆ ಕಲಿತಾರು? ಎಷ್ಟು ಊರು ಸುತ್ತಿಯಾರು? ಯೇಸುವಿನ ಪವಿತ್ರ ಹೃದಯದ ಮಿಷನರಿ ಗುರುಗಳು 1882ರಲ್ಲಿ ಇಲ್ಲಿನ ನ್ಯೂಬ್ರಿಟನ್ ದ್ವೀಪಕ್ಕೆ ಬಂದಿಳಿದರು. ಉಪದೇಶಿಗಳಿಲ್ಲದೆ ಇಲ್ಲಿ ಕೆಲಸ ಸಾಗದೆಂದು ಕಂಡುಕೊಂಡು, ತಾಲಿಲಿಗಾಪ್ ಎಂಬಲ್ಲಿ ಸಂತ ಪೌಲರ ಹೆಸರಿನಲ್ಲಿ ಉಪದೇಶಿಗಳ ಶಾಲೆಯನ್ನು ನಡೆಸಿದರು.

ಅದೇ ದ್ವೀಪದ ರಬೌಲ್ ಪಟ್ಟಣದ ಬಳಿ ರಾಕುನಾಯ್ ಎಂಬ ಹಳ್ಳಿ. ಅಲ್ಲಿನ ಮುಖಂಡ ಆಂಜೆಲೊ ತೊ ಪುಯಿಯಾ ಮತ್ತು ಆತನ ಪತ್ನಿ 1898ರಲ್ಲಿ ದೀಕ್ಷಾಸ್ನಾನ ಪಡೆದವರು, ಆ ಸೀಮೆಯ ಮೊದಲ ತಲೆಮಾರಿನ ಕ್ರೈಸ್ತರು. ಅವರ ಮಗ ಪೇತ್ರ ತೊ ರೊತ್ ಹುಟ್ಟಿದ್ದು 1912ರಲ್ಲಿ. ಹುಡುಗನ ಗುಣ ನೋಡಿದ ಧರ್ಮಕೇಂದ್ರದ ಗುರುಗಳು, ಇವನನ್ನು ಗುರುದೀಕ್ಷೆಗೆ ಕಳುಹಿಸಬಹುದೇ ಎಂದು ತಂದೆಯನ್ನು ಕೇಳಿದರು. ತಂದೆಯ ಉತ್ತರ ಯೋಚಿಸುವಂಥದ್ದು. ಅದಕ್ಕೆ ಕಾಲ ಇನ್ನೂ ಬಂದಿಲ್ಲ, ನಮ್ಮ ಜನ ಈಗಷ್ಟೇ ಕ್ರೈಸ್ತರಾದವರು, ಗುರುವಾಗುವುದು ಮುಂದಿನ ಪೀಳಿಗೆಗಾಯಿತು, ಈಗ ಉಪದೇಶಿಯಾಗಲಿ ಎಂಬುದು ಆತನ ನಿಲುವಾಗಿತ್ತು.

1930ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಪೇತ್ರ ತಾಲಿಲಿಗಾಪ್ ಶಾಲೆ ಸೇರಿದ. ಪ್ರಾರ್ಥನೆ, ಪಾಠ, ಅದರ ಜೊತೆಗೆ ಹೊಲದ ದುಡಿಮೆ. ಹೊಟ್ಟೆಗೆ ಬೇಕಾದುದನ್ನು ವಿದ್ಯಾರ್ಥಿಗಳೇ ಬೆಳೆದುಕೊಳ್ಳುತ್ತಿದ್ದರು. ಇದರಲ್ಲಿ ಒಂದು ಜಾಣತನ ಇದೆ ಎಂದು ನನ್ನ ಅಭಿಪ್ರಾಯ. ಹಳ್ಳಿಯ ಹುಡುಗನನ್ನು ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ವರ್ಷಗಟ್ಟಲೆ ಇಟ್ಟು, ಪರಭಾಷೆಯಲ್ಲಿ ಓದಿಸಿ, ಮೇಜಿನ ಊಟ ಅಭ್ಯಾಸ ಮಾಡಿಸಿ ಹಿಂದಕ್ಕೆ ಕಳುಹಿಸಿದರೆ ಅವನು ಊರಿಗೆ ಪರಕೀಯನಾಗಿಬಿಡುತ್ತಾನೆ. ಪೇತ್ರ ಹಾಗಾಗಲಿಲ್ಲ. 1933ರಲ್ಲಿ ಧರ್ಮಾಧ್ಯಕ್ಷರ ಕೈಯಿಂದ ಉಪದೇಶಿಯ ಶಿಲುಬೆಯನ್ನು ಪಡೆದು ತನ್ನ ಹಳ್ಳಿಗೇ ಮರಳಿದ. ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ರೋಗಿಗಳನ್ನು ನೋಡಲು ಹೋಗುವುದು, ಪ್ರಾರ್ಥನೆ ನಡೆಸುವುದು ಆತನ ಕೆಲಸ. ಪವಿತ್ರ ಬೈಬಲ್ ಸದಾ ಕೈಯಲ್ಲಿ. 1936ರಲ್ಲಿ ಪೌಲಾ ಇಯಾ ವರ್ಪಿತ್ ಎಂಬಾಕೆಯನ್ನು ವಿವಾಹವಾದ. ಗುರುವಲ್ಲ, ಸಂನ್ಯಾಸಿಯಲ್ಲ, ನಿಮ್ಮೆಲ್ಲರ ಹಾಗೆ ಮನೆ ಮಡದಿ ಮಕ್ಕಳಿದ್ದ ಗೃಹಸ್ಥ.

1942ರಲ್ಲಿ ಎರಡನೇ ಮಹಾಯುದ್ಧ ಆ ದ್ವೀಪಕ್ಕೂ ಬಂತು. ಜಪಾನಿ ಸೈನ್ಯ ರಬೌಲನ್ನು ಹಿಡಿದುಕೊಂಡು ಮಿಷನರಿಗಳನ್ನೆಲ್ಲ ಸೆರೆಯಲ್ಲಿಟ್ಟಿತು. ರಾಕುನಾಯಿಯ ಗುರುಗಳು ಹೊರಡುವ ಮುನ್ನ ಊರಿನ ಜನರನ್ನು ಪೇತ್ರನಿಗೆ ಒಪ್ಪಿಸಿ ಹೋದರು. ಮುಂದಿನ ಮೂರು ವರ್ಷ ಆತನೇ ಕುರಿಮಂದೆಗೆ ಕಾವಲು. ಭಾನುವಾರದ ಪ್ರಾರ್ಥನೆ ನಡೆಸಿದ, ಶಿಶುಗಳಿಗೆ ದೀಕ್ಷಾಸ್ನಾನ ಕೊಟ್ಟ, ಸತ್ತವರನ್ನು ಮಣ್ಣು ಮಾಡಿದ, ಮದುವೆಯಾಗುವವರ ಒಪ್ಪಂದಕ್ಕೆ ಸಾಕ್ಷಿಯಾಗಿ ನಿಂತ. ಇದೆಲ್ಲವನ್ನೂ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟ. ಬಾಂಬು ಬೀಳುವ ದಿನಗಳಲ್ಲಿ ದೀಕ್ಷಾಸ್ನಾನದ ದಾಖಲೆ ಬರೆಯುತ್ತ ಕೂತವನನ್ನು ಊಹಿಸಿಕೊಳ್ಳಿ! ಇಂದಲ್ಲ ನಾಳೆ ಗುರುಗಳು ಬರುತ್ತಾರೆ, ಅವರಿಗೆ ಲೆಕ್ಕ ಒಪ್ಪಿಸಬೇಕು ಎಂಬ ನಂಬಿಕೆ ಇಲ್ಲದವನು ಹಾಗೆ ಬರೆಯುವುದಿಲ್ಲ.

ಸೈನಿಕರು ಊರಿನ ದೇವಾಲಯವನ್ನು ಕೆಡವಿದರು. ಪೇತ್ರ ಊರ ಹೊರಗೆ ಕಾಡಿನಲ್ಲಿ ಕೊಂಬೆ ಎಲೆಗಳಿಂದ ಗುಡಿಯೊಂದನ್ನು ಕಟ್ಟಿದ. ಕಡೆಗೆ ಪ್ರಾರ್ಥನೆಯನ್ನೇ ನಿಷೇಧಿಸಿದರು. ಆಗ ನೆಲದಡಿಯ ಅಡಗುತಾಣಗಳಲ್ಲಿ ಸಣ್ಣ ಸಣ್ಣ ಗುಂಪು ಸೇರಿಸಿದ. 1944ರಲ್ಲಿ ಅಧಿಕಾರಿಗಳು ಹಳೆಯ ಬಹುಪತ್ನೀ ಪದ್ಧತಿಗೆ ಮತ್ತೆ ಅನುಮತಿ ಕೊಟ್ಟಾಗ ವಿಷಯ ಬಿಗಡಾಯಿಸಿತು. ಕ್ರೈಸ್ತ ವಿವಾಹ ಒಬ್ಬಳೊಡನೆ, ಸಾಯುವ ತನಕ ಎಂದು ಪೇತ್ರ ಬಹಿರಂಗವಾಗಿ ಹೇಳಿದ. ಎರಡನೆಯ ಹೆಂಡತಿಯನ್ನು ಬಯಸಿದ ಸ್ಥಳೀಯ ಪೊಲೀಸನೊಬ್ಬನಿಗೆ ಅದು ಹಿಡಿಸಲಿಲ್ಲ. 1945ರಲ್ಲಿ ಪೇತ್ರನನ್ನು ಹಿಡಿದು ಸೆರೆಗೆ ಹಾಕಿದರು. ಜುಲೈ ತಿಂಗಳಲ್ಲಿ ಔಷಧಿಯ ನೆಪದಲ್ಲಿ ವಿಷದ ಸೂಜಿ ಚುಚ್ಚಿ ಕೊಂದರು. ಆಗ ಆತನಿಗೆ 33 ವರ್ಷ, ಪತ್ನಿ ಗರ್ಭಿಣಿ. ಯುದ್ಧ ಮುಗಿಯಲು ಉಳಿದದ್ದು ಕೆಲವೇ ವಾರಗಳು.

ಪ್ರಿಯರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ರಾಕುನಾಯಿಯಲ್ಲಿ ಮಿಷನರಿಗಳು ಎರಡು ಕೆಲಸ ಮಾಡಿದ್ದರು. ಒಂದು, ದೇವಾಲಯ ಕಟ್ಟಿದ್ದು. ಇನ್ನೊಂದು, ಒಬ್ಬ ಹುಡುಗನನ್ನು ಮೂರು ವರ್ಷ ಓದಿಸಿದ್ದು. ಸೈನಿಕರು ಬಂದಾಗ ದೇವಾಲಯ ನೆಲಸಮವಾಯಿತು, ಗುರುಗಳು ಸೆರೆಮನೆ ಸೇರಿದರು. ಜನರ ವಿಶ್ವಾಸ ಮಾತ್ರ ಉಳಿಯಿತು, ಏಕೆಂದರೆ ಅದನ್ನು ಕಾಯಲು ಅಲ್ಲಿಯೇ ಹುಟ್ಟಿ ಬೆಳೆದ, ಚೆನ್ನಾಗಿ ಕಲಿತ ಒಬ್ಬನಿದ್ದ.

ಇದು ಒಂದೇ ಊರಿನ ಕಥೆಯೂ ಅಲ್ಲ. ಆಫ್ರಿಕಾದ ಉಗಾಂಡಕ್ಕೆ 1879ರಲ್ಲಿ ಬಂದ ‘ಶ್ವೇತ ಪಾದ್ರಿಗಳು’ ಮೂರೇ ವರ್ಷಗಳಲ್ಲಿ, 1882ರ ಕೊನೆಯಲ್ಲಿ, ಅಲ್ಲಿಂದ ಹೊರಡಬೇಕಾಯಿತು. 1885ರಲ್ಲಿ ಮರಳಿ ಬಂದಾಗ ವಿಶ್ವಾಸ ಬತ್ತಿರಲಿಲ್ಲ; ಹೊಸಬರು ಸೇರಿಕೊಂಡಿದ್ದರು. ಬೆರಳೆಣಿಕೆಯ ಸ್ಥಳೀಯ ವಿಶ್ವಾಸಿಗಳೇ ನೆರೆಹೊರೆಯವರಿಗೆ ಬೋಧಿಸಿದ್ದರು. ಆ ಬಳಿಕ ಬಂದ ಘೋರ ಹಿಂಸೆಯಲ್ಲಿ ಪ್ರಾಣ ಕೊಟ್ಟ 22 ಕಥೋಲಿಕ ರಕ್ತಸಾಕ್ಷಿಗಳನ್ನು 1964ರಲ್ಲಿ ಸಂತರೆಂದು ಸಾರಲಾಯಿತು. ಅವರಲ್ಲೊಬ್ಬರಾದ ಸಂತ ಚಾರ್ಲ್ಸ್ ಲ್ವಾಂಗಾ, ಸಾವು ಖಚಿತವಾದಾಗ, ಜೊತೆಯಲ್ಲಿದ್ದ ಕಿರಿಯರಿಗೆ ತಾವೇ ದೀಕ್ಷಾಸ್ನಾನ ಕೊಟ್ಟರು. ಆ ನಾಡಿನ ಮೊದಲ ಇಬ್ಬರು ಗುರುಗಳಿಗೆ ದೀಕ್ಷೆಯಾದದ್ದು 1913ರಲ್ಲಿ. ಮೊದಲ ಧರ್ಮಾಧ್ಯಕ್ಷರಾಗಿ ಜೋಸೆಫ್ ಕಿವಾನುಕ ನೇಮಕಗೊಂಡದ್ದು 1939ರಲ್ಲಿ. ತರಬೇತಿ ಎಂಬುದು ಎಷ್ಟು ನಿಧಾನದ ಬೆಳೆ ನೋಡಿ!

ನಿಧಾನ ಮಾತ್ರವಲ್ಲ, ಖರ್ಚಿನದೂ ಹೌದು. ಧರ್ಮಸಭೆಯ ಕಾನೂನಿನ ಪ್ರಕಾರ ತತ್ವಶಾಸ್ತ್ರ ಮತ್ತು ದೈವಶಾಸ್ತ್ರದ ಅಧ್ಯಯನಕ್ಕೇ ಆರು ಪೂರ್ಣ ವರ್ಷ ಬೇಕು. ಅಷ್ಟು ಕಾಲ ಊಟ, ವಸತಿ, ಪುಸ್ತಕ, ಅಧ್ಯಾಪಕರು ಎಲ್ಲವೂ ಆಗಬೇಕು. ಜಪಾನಿನ ನಾಗಾಸಾಕಿಯ ಧರ್ಮಾಧ್ಯಕ್ಷ ಕುಸೇನ್‌ರವರು 1889ರಲ್ಲಿ ಇದೇ ಸಂಕಟದಲ್ಲಿದ್ದರು. ಹಣವಿಲ್ಲದೆ ಗುರುಮಠದ ಬಾಗಿಲಿಗೆ ಬಂದ ಹುಡುಗರನ್ನು ಹಿಂದಕ್ಕೆ ಕಳುಹಿಸಬೇಕಾಗಿದೆ ಎಂದು ಫ್ರಾನ್ಸಿನ ಕಾಂ ಪಟ್ಟಣದ ಝಾನ್ ಬಿಗಾರ್ ಎಂಬ ವಿಧವೆ ಮತ್ತು ಆಕೆಯ ಮಗಳು ಸ್ಟೆಫನಿಗೆ ಬರೆದರು. ಆ ತಾಯಿ ಮಗಳು ತಮ್ಮಲ್ಲಿದ್ದುದನ್ನು ಕೊಟ್ಟರು, ಮನೆ ಮನೆ ಬಾಗಿಲು ತಟ್ಟಿದರು. ಹೀಗೆ ಹುಟ್ಟಿದ್ದೇ ನಾನು ಮೊದಲು ಹೇಳಿದ ಸಂತ ಪೇತ್ರರ ಸಂಘ. 1922ರಲ್ಲಿ ಅದು ಜಗದ್ಗುರುಗಳ ಅಧಿಕೃತ ಸಂಸ್ಥೆಯಾಯಿತು. ಜಪಾನಿಗೆ ಎಂದೂ ಕಾಲಿಡದ ಇಬ್ಬರು ಹೆಂಗಸರ ಕೆಲಸ ಅದು.

ನಾವೂ ಅದರ ಹೊರಗಿನವರಲ್ಲ. ಭಾರತದ ಮಕ್ಕಳೇ ಭಾರತಕ್ಕೆ ಶುಭಸಂದೇಶದ ಸೇವಕರಾಗಬೇಕೆಂಬ ಆಶಯದಿಂದ ಜಗದ್ಗುರು ಹದಿಮೂರನೇ ಲಿಯೋರವರು 1893ರಲ್ಲಿ ಶ್ರೀಲಂಕೆಯ ಕ್ಯಾಂಡಿಯಲ್ಲಿ ನಮಗಾಗಿ ಗುರುಮಠ ತೆರೆಸಿದರು. 1955ರಲ್ಲಿ ಅದು ಪುಣೆಗೆ ಬಂತು. ಅಂದು ಪಡೆದವರು ನಾವು. ಇಂದು ಕರ್ನಾಟಕದ ಗುರುಗಳೂ ಧರ್ಮಭಗಿನಿಯರೂ ಆಫ್ರಿಕಾದ ಹಳ್ಳಿಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ.

ಸಂತ ಪೌಲರು ಮಾಡಿದ್ದೂ ಇದನ್ನೇ. ಕೊರಿಂಥದಲ್ಲಿ ಅವರು ಇದ್ದದ್ದು ಒಂದೂವರೆ ವರ್ಷ. ಲುಸ್ತ್ರ, ಇಕೋನಿಯ, ಅಂತಿಯೋಕ್ಯಗಳಿಗೆ ಬಾರ್ನಬರೊಡನೆ ಎರಡನೆಯ ಸಲ ಹೋದಾಗ, ಉಪವಾಸ ಪ್ರಾರ್ಥನೆಗಳಿಂದ ಪ್ರತಿಯೊಂದು ಸಭೆಗೂ ಹಿರಿಯರನ್ನು ನೇಮಿಸಿ ಮುಂದಕ್ಕೆ ನಡೆದರು ಎಂದು ಪ್ರೇಷಿತರ ಕಾರ್ಯಕಲಾಪಗಳ 14ನೆಯ ಅಧ್ಯಾಯ ತಿಳಿಸುತ್ತದೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಂತೂ, ಕಲಿತದ್ದನ್ನು ಇತರರಿಗೆ ಕಲಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸು ಎಂಬ ಸೂಚನೆ ಇದೆ. ತಾನಿಲ್ಲದಾಗಲೂ ನಿಲ್ಲಬಲ್ಲ ಸಭೆಯನ್ನು ಬಿಟ್ಟು ಹೋಗುವುದು ಅವರ ಗುರಿಯಾಗಿತ್ತು.

ಇಂದಿಗೂ ಆಫ್ರಿಕಾದ ಅನೇಕ ಧರ್ಮಕೇಂದ್ರಗಳಲ್ಲಿ ಒಬ್ಬ ಗುರುವಿನ ಕೈಕೆಳಗೆ ಹತ್ತಾರು ಹಳ್ಳಿಗಳಿವೆ. ಬಲಿಪೂಜೆ ಯಾವಾಗಲೋ ಒಮ್ಮೆ. ಉಳಿದ ಭಾನುವಾರಗಳಲ್ಲಿ ವಾಚನ ಓದಿ ಜನರನ್ನು ಒಟ್ಟಿಗೆ ಹಿಡಿದಿಡುವವನು ಉಪದೇಶಿ. ಅವನಿಗೆ ಸರಿಯಾದ ಶಿಕ್ಷಣವೂ ಬದುಕಲು ತಕ್ಕ ಸಂಭಾವನೆಯೂ ಸಿಗಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿತು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ಗುರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಉನ್ನತ ವ್ಯಾಸಂಗಕ್ಕೆಂದು ಯೂರೋಪು ಅಮೆರಿಕಗಳಿಗೆ ಹೋದವರು ಅಲ್ಲೇ ನೆಲೆಸಿಬಿಡುವುದುಂಟು. ಬಡ ಧರ್ಮಕ್ಷೇತ್ರವೊಂದು ಬೆವರು ಸುರಿಸಿ ತಯಾರು ಮಾಡಿದವನ ಸೇವೆ ಅನುಕೂಲಸ್ಥ ದೇಶಕ್ಕೆ ಸಲ್ಲುತ್ತದೆ. ಇದನ್ನು ಸರಿಪಡಿಸಲು ರೋಮಿನ ಮಂಡಳಿ 2001ರಲ್ಲಿ ಸೂಚನಾಪತ್ರವನ್ನೇ ಹೊರಡಿಸಬೇಕಾಯಿತು. ಆದುದರಿಂದಲೇ ತರಬೇತಿಯನ್ನು ಆದಷ್ಟೂ ಅವರವರ ನಾಡಿನಲ್ಲೇ ಕೊಡಬೇಕು, ಅಲ್ಲಿನ ಗುರುಮಠಗಳನ್ನೇ ಬಲಪಡಿಸಬೇಕು ಎಂದು ನನಗೆ ಅನ್ನಿಸುತ್ತದೆ.

ಆದರೆ ಇದಕ್ಕೆ ದಾನಿಗಳು ಸಿಗುವುದು ಕಷ್ಟ. ಗೋಪುರಕ್ಕೋ ಗಂಟೆಗೋ ಕೊಟ್ಟರೆ ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು. ಮನುಷ್ಯನ ಮೇಲೆ ಕೆತ್ತಿಸುವ ಹಾಗಿಲ್ಲವಲ್ಲ! ಮಿಷನ್ ಭಾನುವಾರದ ಲಕೋಟೆ ಮನೆಗೆ ಬಂದಾಗ ಮಕ್ಕಳ ಕೈಯಿಂದಲೇ ಅದಕ್ಕೆ ಹಣ ಹಾಕಿಸಿ, ಅವರಿಗೆ ಪೇತ್ರ ತೊ ರೊತ್‌ರ ಕಥೆ ಹೇಳಿ. ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ಧರ್ಮೋಪದೇಶ ಕಲಿಸುವ ಅಕ್ಕಂದಿರು, ಅಣ್ಣಂದಿರು ಮಾಡುವ ಕೆಲಸವೂ ಅದೇ ಜಾತಿಯದು. ಅವರಿಗೆ ತರಬೇತಿ ಶಿಬಿರ ಇದ್ದಾಗ ಮನೆಯವರು ಬಿಟ್ಟುಕೊಡಿ. ತರಗತಿಯ ಹೊತ್ತಿಗೆ ಮಕ್ಕಳನ್ನು ಟ್ಯೂಷನ್ನಿಗೆ ಕಳುಹಿಸಬೇಡಿ.

ಪೇತ್ರ ತೊ ರೊತ್‌ರನ್ನು ಜಗದ್ಗುರು ಎರಡನೇ ಜಾನ್ ಪೌಲ್‌ರವರು 1995ರ ಜನವರಿ 17ರಂದು ಪೋರ್ಟ್ ಮೋರ್ಸ್‌ಬಿಯಲ್ಲಿ ಪುನೀತರೆಂದು ಸಾರಿದರು. ಜಗದ್ಗುರು ಹದಿನಾಲ್ಕನೇ ಲಿಯೋರವರು 2025ರ ಅಕ್ಟೋಬರ್ 19ರಂದು ರೋಮಿನಲ್ಲಿ ಸಂತ ಪದವಿಗೇರಿಸಿದರು. ಅಂದು ವಿಶ್ವ ಮಿಷನ್ ಭಾನುವಾರವೇ ಆಗಿತ್ತು. ಪಪುವಾ ನ್ಯೂಗಿನಿಯ ಮೊದಲ ಸಂತರು ಅವರು.

ಗುರುವಾಗಲು ಕಾಲ ಬಂದಿಲ್ಲ ಎಂದು ಆ ತಂದೆ ಹೇಳಿದ್ದು ನೆನಪಿದೆಯಲ್ಲವೇ? ಏಳೇ ವರ್ಷಗಳಲ್ಲಿ, 1937ರಲ್ಲಿ, ಆ ದೇಶದ ಮೊದಲ ಗುರುವಾಗಿ ಲೂಯಿ ವಾಂಗೆಕೆ ದೀಕ್ಷೆ ಪಡೆದರು. ಅದಕ್ಕಾಗಿ ಅವರು ಓದಲು ಹೋದದ್ದು ದೂರದ ಮಡಗಾಸ್ಕರಿಗೆ. 1970ರಲ್ಲಿ ಧರ್ಮಾಧ್ಯಕ್ಷರಾದರು. ಸಂತ ಪೇತ್ರ ತೊ ರೊತ್‌ರು ಮಡಿದ 12 ವರ್ಷಕ್ಕೆ ಅದೇ ರಬೌಲ್ ಸೀಮೆಯಲ್ಲಿ ಹುಟ್ಟಿದ ಜಾನ್ ರಿಬಾತ್‌ರವರು 2016ರಲ್ಲಿ ಆ ನಾಡಿನ ಮೊದಲ ಕಾರ್ಡಿನಲರಾದರು. 2024ರ ಸೆಪ್ಟೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಪೋರ್ಟ್ ಮೋರ್ಸ್‌ಬಿಗೆ ಬಂದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಅವರೇ.