ಕಡ್ಡಿರಾಂಪುರ: ಹಂಪಿಯ ಸಂಜೆ ಸರಿದು ಬಂದ ಊರು

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ಅನಂತಶಯನಗುಡಿ ದಾಟಿದ ಮೇಲೆ ಸಿಗುವ ಹಳ್ಳಿ ಕಡ್ಡಿರಾಂಪುರ. ಇಲ್ಲಿಂದ ವಿರೂಪಾಕ್ಷನ ಗುಡಿಗೆ ಸುಮಾರು 4 ಕಿ.ಮೀ. ಹಂಪಿಯ ಅವಸರದಲ್ಲಿರುವ ಪ್ರವಾಸಿಗರು ಊರಿನ ಹೆಸರನ್ನೂ ಓದದೆ ಮುಂದೆ ಹೋಗುವುದುಂಟು. ಆದರೆ ಹಂಪಿಯಲ್ಲಿ ಈಗ ಕಾಣದ ಜನಜೀವನದ ಒಂದು ಪಾಲು ಇರುವುದು ಇಲ್ಲೇ.

ಊರಿಗಿಂತ ಮೊದಲು ಈ ದಾರಿಯನ್ನೇ ನೋಡಬೇಕು. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿಂದ ರಾಜಧಾನಿಯವರೆಗಿನ ರಸ್ತೆಯ ಇಕ್ಕೆಲದಲ್ಲೂ ಮನೆ, ಅಂಗಡಿಗಳ ಸಾಲು ಕಂಡ. ನಡೆಯುವವರಿಗೆ ನೆರಳಾಗಲೆಂದು ಅರಸ ಮರಗಳನ್ನು ನೆಡಿಸಿದ್ದನ್ನೂ ಬರೆದಿಟ್ಟ. ನಗರದೊಳಗಿನ ಒಂದು ಬೀದಿಯಲ್ಲಿ ದಿನವೂ ಸಂಜೆ ಸಂತೆ ನೆರೆಯುತ್ತಿತ್ತು. ಮಾಣಿಕ್ಯ, ವಜ್ರ, ಮುತ್ತು ಮಾರುವ ವರ್ತಕರಿದ್ದ ಅದೇ ಬೀದಿಯಲ್ಲಿ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆ ಎಲ್ಲವೂ ಬಿಕರಿಯಾಗುತ್ತಿದ್ದವು. ವಿಜಯನಗರದ ಸಂಜೆ ಎಂದರೆ ಅರಮನೆಯ ವೈಭವವಷ್ಟೇ ಅಲ್ಲ, ಜನಸಾಮಾನ್ಯರ ಕೊಡು-ಕೊಳ್ಳುವಿಕೆಯೂ ಹೌದು.

ಕಡ್ಡಿರಾಂಪುರದ ಹಳೆಯ ಗುರುತು ಇಲ್ಲಿನ ಮುಸ್ಲಿಂ ಗೋರಿಗಳು. ಚೌಕ ತಳದ ಮೇಲೆ ಕಮಾನುಗಳುಳ್ಳ ಗೋಡೆ, ಅದರ ಮೇಲೆ ಗುಮ್ಮಟ. ನೋಡಿದೊಡನೆ ಕಲಬುರಗಿಯ ಬಹಮನಿ ಕಟ್ಟಡಗಳ ನೆನಪಾಗುತ್ತದೆ. ವಿಜಯನಗರದ ಅರಸ ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಂ ಯೋಧರಿದ್ದರು. ಅವನ ಕಾಲದಲ್ಲಿ, 1439ರಲ್ಲಿ, ಅವನ ಅಧಿಕಾರಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ರಾಜಧಾನಿಯ ಇನ್ನೊಂದು ಭಾಗದಲ್ಲಿ ಇಂದಿಗೂ ಇದೆ. ಸಾಮ್ರಾಜ್ಯದ ಬದುಕು ಎಷ್ಟು ಬಗೆಯ ಜನರಿಂದ ಕೂಡಿತ್ತು ಎನ್ನುವುದಕ್ಕೆ ಈ ಗುಮ್ಮಟಗಳಿಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಊರಿನ ಹೊಸ ಚರಿತ್ರೆ ಶುರುವಾದದ್ದು 2011ರಲ್ಲಿ. ವಿರೂಪಾಕ್ಷ ಗುಡಿಯಿಂದ ಎದುರು ಬಸವಣ್ಣನವರೆಗೆ ಚಾಚಿರುವ ರಥಬೀದಿಯ ಕಲ್ಲು ಮಂಟಪಗಳಲ್ಲೂ ಅವುಗಳ ಆಸುಪಾಸಿನಲ್ಲೂ ಹೋಟೆಲು, ಅಂಗಡಿ, ಮನೆಗಳಿದ್ದವು. ವಿಶ್ವ ಪರಂಪರೆಯ ತಾಣದ ರಕ್ಷಣೆಗೆಂದು ಆ ವರ್ಷದ ಜುಲೈನಲ್ಲಿ ಅವುಗಳನ್ನು ತೆರವು ಮಾಡಲಾಯಿತು. ನೆಲೆ ಕಳೆದುಕೊಂಡವರಿಗೆ ಜಾಗ ಗೊತ್ತಾದದ್ದು ಕಡ್ಡಿರಾಂಪುರದಲ್ಲಿ. ಮಂಟಪಗಳ ಸಾಲು ಈಗ ಸ್ವಚ್ಛವಾಗಿ ಕಾಣುತ್ತದೆ, ನಿಜ. ಆದರೆ ಬಜಾರು ಎನ್ನುವುದು ಬರಿಯ ಕಂಬಗಳಲ್ಲ. ವ್ಯಾಪಾರಿಗಳಿಲ್ಲದ ರಥಬೀದಿ ಅರ್ಧ ಮಾತ್ರ ಉಳಿದಂತಾಗಿದೆ.

ಹೇಮಕೂಟ, ಮಾತಂಗ ಬೆಟ್ಟಗಳಲ್ಲಿ ಸೂರ್ಯಾಸ್ತ ನೋಡಿ ಇಳಿದವರಿಗೆ ಹಂಪಿಯಲ್ಲಿ ತಡರಾತ್ರಿಯ ಗದ್ದಲ ಸಿಗದು. ಕ್ಷೇತ್ರಕ್ಕೆ ತಕ್ಕಂತೆ ಅದು ಬೇಗ ಮಲಗುತ್ತದೆ. ಚೈತ್ರದ ರಥೋತ್ಸವ, ಪಂಪಾ-ವಿರೂಪಾಕ್ಷರ ನಿಶ್ಚಿತಾರ್ಥವಾದ ಫಲಪೂಜೆಯಂಥ ದಿನಗಳಲ್ಲಿ ಮಾತ್ರ ಇರುಳೂ ಜನರಿಂದ ತುಂಬುತ್ತದೆ. ಉಳಿದ ದಿನಗಳಲ್ಲಿ ಕಡ್ಡಿರಾಂಪುರದ ಹೋಂಸ್ಟೇಗಳ ಊಟ, ಹರಟೆಯೇ ರಾತ್ರಿಯ ಚಟುವಟಿಕೆ. ದೀಪಾಲಂಕಾರ ಬೇಕೆನ್ನುವವರು ತುಂಗಭದ್ರಾ ಅಣೆಕಟ್ಟೆಯ ಉದ್ಯಾನಕ್ಕೆ ಹೋಗಬಹುದು, ಅಲ್ಲಿ ಸಂಗೀತ ಕಾರಂಜಿ ಇದೆ.

ಹಸಿರಿಗೆ ಮಾತ್ರ ಅಷ್ಟು ದೂರ ಹೋಗಬೇಕಾಗಿಲ್ಲ. ಕಮಲ ಮಹಲಿನ ಸುತ್ತಲ ಹುಲ್ಲುಹಾಸು ಚೆಂದವೇ. ಅದಕ್ಕಿಂತ ಚೆಂದ ಬಂಡೆಗುಡ್ಡಗಳ ನಡುವಿನ ಬಾಳೆತೋಟ, ಗದ್ದೆಗಳು. ಅವಕ್ಕೆ ನೀರುಣಿಸುವ ತುರ್ತಾ ಕಾಲುವೆ ವಿಜಯನಗರ ಕಾಲದ್ದು, ಇಂದಿಗೂ ಹರಿಯುತ್ತಿದೆ. ಅರಮನೆಗಳೆಲ್ಲ ಅಡಿಪಾಯವಷ್ಟೇ ಉಳಿಸಿಕೊಂಡ ನೆಲದಲ್ಲಿ ರೈತನ ಕೈಯಲ್ಲಿದ್ದ ಕಾಲುವೆ ಮಾತ್ರ ಕೆಲಸ ಬಿಟ್ಟಿಲ್ಲ.

ಹಂಪಿಗೆ ಬರುವವರು ಒಂದು ರಾತ್ರಿಯಾದರೂ ಕಡ್ಡಿರಾಂಪುರದಲ್ಲಿ ತಂಗಬೇಕು. ಬೆಳಿಗ್ಗೆ ಬಿಸಿಲೇರುವ ಮುನ್ನ ಗೋರಿಗಳನ್ನು ನೋಡಿ, ಆಮೇಲೆ ವಿರೂಪಾಕ್ಷನ ಕಡೆ ಹೊರಡಬೇಕು.